ಗೋಡೆಯ ಮೇಲಿನ ಗೆರೆಗಳು

ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ, ಬಾಗಿಲಿನ ಹಿಂಬದಿಯ ಗೋಡೆಯ ಮೇಲೆ, ಇದ್ದಿಲಿನಿಂದ ಎಳೆದ ಗೆರೆಗಳ ಸಾಲುಗಳಿದ್ದುವು. ಬಾಗಿಲು ತೆರೆದಿರುವಾಗ ಅವು ಕಾಣುತ್ತಿರಲಿಲ್ಲ. ಮುಚ್ಚಿದಾಗ ಮಾತ್ರ ಕಣ್ಣಿಗೆ ಬೀಳುತ್ತಿದ್ದುವು. ಮನೆಗೆ ಬಂದ ನೆಂಟರು ಅದನ್ನು ಮಕ್ಕಳ ಕಿಡಿಗೇಡಿತನವೆಂದು ಭಾವಿಸಿ ನನ್ನ ಕಡೆಗೊಮ್ಮೆ ನೋಡುತ್ತಿದ್ದರು. ಗೆರೆಗಳು ನನ್ನವಲ್ಲ, ನಮ್ಮ ತಾಯಿಯವು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಕ್ಷರ ಬಾರದು, ಆದರೆ ಲೆಕ್ಕ ಬಾರದೆ ಇರಲಿಲ್ಲ. ಮನೆಯಲ್ಲಿ ತೆಂಗಿನಕಾಯಿ ಒಡೆದಾಗಲೆಲ್ಲ ಒಲೆಯ ಪಕ್ಕದಿಂದ ಇದ್ದಿಲಿನ ಚೂರೊಂದನ್ನು ಎತ್ತಿಕೊಂಡು ಗೋಡೆಯ ಮೇಲೆ ಒಂದು ನಿಂತ ಗೆರೆ ಎಳೆಯುತ್ತಿದ್ದಳು. ಕಾಯಿ ಒಳಗೆ ಕೆಟ್ಟಿದ್ದರೆ ಆ ಗೆರೆಗೆ ಅಡ್ಡಲಾಗಿ ಇನ್ನೊಂದು ಗೆರೆ. ಕಾಯಿ ದೇವರಿಗೆ ಒಡೆದದ್ದಾದರೆ ಗೆರೆಯ ತುದಿಗೆ ಕುಂಕುಮದ ಒಂದು ಚುಕ್ಕೆ. ಹತ್ತು ಗೆರೆಗಳಿಗೆ ಒಂದು ಸಾಲು ಮುಗಿಯಿತು. ಅದರ ಕೆಳಗೆ ಹೊಸ ಸಾಲು.

ನಮ್ಮದು ಬಯಲುಸೀಮೆಯ ಊರು. ತೆಂಗಿನ ತೋಟ ನಮಗಿರಲಿಲ್ಲ. ಕಾಯಿಗಳನ್ನು ವಾರದ ಸಂತೆಯಿಂದ ತರಬೇಕು. ತಂದೆಯವರು ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ನೋಡಿ, ಜುಟ್ಟು ನೋಡಿ ಆರಿಸುತ್ತಿದ್ದರು. ಇಷ್ಟಾದರೂ ಕೆಲವು ಕಾಯಿಗಳು ಒಡೆದಾಗ ಕೆಟ್ಟಿರುತ್ತಿದ್ದುವು. ಯಾವ ಕಾಯಿ ಕೆಟ್ಟಿದೆಯೆಂದು ಒಡೆಯುವ ಮೊದಲು ಹೇಳುವ ವಿದ್ಯೆ ಯಾರಲ್ಲಿಯೂ ಇರಲಿಲ್ಲ. ಆದರೆ ಎಷ್ಟು ಕಾಯಿಗೆ ಎಷ್ಟು ಕೆಡುತ್ತವೆ ಎಂಬುದನ್ನು ನಮ್ಮ ತಾಯಿ ಬಲ್ಲಳು. "ಹನ್ನೆರಡು ಹದಿಮೂರಕ್ಕೊಂದು" ಎನ್ನುತ್ತಿದ್ದಳು. 1973ರ ಕಾರ್ತಿಕ ಮಾಸದಲ್ಲಿ, ನಾನು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದಾಗ, ಆ ಗೆರೆಗಳನ್ನೆಲ್ಲ ಎಣಿಸಿದೆ. ಹದಿನೈದು ಸಾಲುಗಳು, ಒಟ್ಟು 150 ಗೆರೆಗಳು. ಅವುಗಳಲ್ಲಿ ಅಡ್ಡಗೆರೆ ಬಿದ್ದವು 12. ಹನ್ನೆರಡೂವರೆ ಕಾಯಿಗೆ ಒಂದು! ಎಣಿಸಬೇಕಾಗಿ ಬಂದ ಸಂದರ್ಭ ಸಂತೋಷದ್ದಾಗಿರಲಿಲ್ಲ. ನಮ್ಮ ಅಕ್ಕನ ಮದುವೆಯ ಮಾತು ಅಂದು ಆ ಗೋಡೆಯ ಮುಂದೆ ನಿಂತಿತ್ತು. ಅದನ್ನು ಆಮೇಲೆ ಹೇಳುತ್ತೇನೆ. ಅದನ್ನು ಸರಿಯಾಗಿ ತಿಳಿಯಲು ಸ್ವಲ್ಪ ಗಣಿತ ಬೇಕು.

ನಾವು ಪ್ರತಿದಿನವೂ "ಬಹುಶಃ", "ಪ್ರಾಯಶಃ", "ಆದರೂ ಆಗಬಹುದು" ಎಂಬ ಮಾತುಗಳನ್ನು ಆಡುತ್ತೇವೆ. ಬಹುಶಃ ಮಳೆ ಬರುತ್ತದೆ ಎನ್ನುವವನನ್ನು "ಎಷ್ಟು ಬಹುಶಃ?" ಎಂದು ಕೇಳಿದರೆ ನಗುತ್ತಾನೆ. ಆದರೆ ಆ ಪ್ರಶ್ನೆ ನಗುವಂಥದಲ್ಲ. ಆ "ಎಷ್ಟು" ಎಂಬುದನ್ನು ಒಂದು ಸಂಖ್ಯೆಯಿಂದ ಹೇಳುವುದೇ ಸಂಭವನೀಯತೆ. ಎಂದಿಗೂ ಆಗದ ಘಟನೆಯ ಸಂಭವನೀಯತೆ 0. ಆಗಿಯೇ ತೀರುವ ಘಟನೆಯದು 1. ಉಳಿದ ಎಲ್ಲ ಘಟನೆಗಳೂ ಇವೆರಡರ ನಡುವೆ. ತಾಯಿಯ ಗೋಡೆಯ ಪ್ರಕಾರ ಒಂದು ಕಾಯಿ ಕೆಟ್ಟಿರುವ ಸಂಭವನೀಯತೆ 12/150, ಎಂದರೆ 0.08. ಕಾಯಿ ಒಂದೋ ಕೆಟ್ಟಿರಬೇಕು, ಇಲ್ಲವೆ ಚೆನ್ನಾಗಿರಬೇಕು, ಮೂರನೆಯ ದಾರಿಯಿಲ್ಲ. ಆದ್ದರಿಂದ ಚೆನ್ನಾಗಿರುವ ಸಂಭವನೀಯತೆ 1 ರಿಂದ 0.08 ಕಳೆದರೆ ಉಳಿಯುವ 0.92.

ಈ ಸಂಖ್ಯೆಯಿಂದ ಆಕೆಗೆ ಏನು ಉಪಯೋಗವಾಗುತ್ತಿತ್ತು? ಗೌರಿಹಬ್ಬಕ್ಕೆ 25 ಒಳ್ಳೆಯ ಕಾಯಿಗಳು ಬೇಕು ಎಂದಿಟ್ಟುಕೊಳ್ಳಿ. 25 ಕಾಯಿ ತಂದರೆ ಸರಾಸರಿ 23 ಮಾತ್ರ ಒಳ್ಳೆಯವಾಗುತ್ತವೆ. 27 ತಂದರೆ, 27ನ್ನು 0.92ರಿಂದ ಗುಣಿಸಿದಾಗ 24.84, ಕೂದಲೆಳೆಯಷ್ಟು ಕಡಿಮೆ. 28 ತಂದರೆ 25.76. ತಾಯಿ ತಂದೆಯವರಿಗೆ, "ಇಪ್ಪತ್ತೈದು ಬೇಕು, ಮೇಲೆ ಮೂರು ತನ್ನಿ" ಎಂದು ಹೇಳಿ ಕಳುಹಿಸುತ್ತಿದ್ದಳು. ದಶಮಾಂಶದ ಹೆಸರನ್ನೇ ಕೇಳದ ಆಕೆ ಎರಡು ಎನ್ನದೆ, ಐದು ಎನ್ನದೆ, ಮೂರು ಎನ್ನುತ್ತಿದ್ದಳು. ಮೂರು ತಂದ ಮಾತ್ರಕ್ಕೆ ಪ್ರತಿ ಹಬ್ಬಕ್ಕೂ ಸಾಕಾಗುತ್ತಿತ್ತೆಂದಲ್ಲ. ಒಂದೆರಡು ವರ್ಷ ಪಕ್ಕದ ಮನೆಯಿಂದ ಕಡ ತಂದದ್ದೂ ಉಂಟು. ಸರಾಸರಿ ಎಂಬುದು ವಚನವಲ್ಲ, ಅಂದಾಜು.

ಹೀಗೆ ನಡೆದದ್ದನ್ನು ಬರೆದಿಟ್ಟು ಸಂಭವನೀಯತೆಯನ್ನು ಕಾಣುವುದು ಒಂದು ಮಾರ್ಗ. ಏನನ್ನೂ ಬರೆದಿಡದೆ, ಆಲೋಚನೆಯಿಂದಲೇ ಕಾಣುವ ಇನ್ನೊಂದು ಮಾರ್ಗವೂ ಇದೆ. ನಾಣ್ಯವನ್ನು ಚಿಮ್ಮಿದರೆ ಬೀಳಬಹುದಾದ ಮುಖಗಳು ಎರಡು. ಒಂದಕ್ಕಿಂತ ಇನ್ನೊಂದು ಹೆಚ್ಚಾಗಿ ಬೀಳಲು ಕಾರಣವಿಲ್ಲ. ಆದ್ದರಿಂದ ತಲೆ ಬೀಳುವ ಸಂಭವನೀಯತೆ 1/2. ಆರು ಮುಖಗಳ ದಾಳದಲ್ಲಿ ಐದು ಬೀಳುವುದು 1/6. ಸಮಸಂಖ್ಯೆ ಬೀಳುವುದು 3/6, ಎಂದರೆ ಮತ್ತೆ 1/2. ಅನುಕೂಲವಾದ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸುವುದು, ಅಷ್ಟೆ. ಆದರೆ ಈ ಸೂತ್ರದಲ್ಲಿ ಒಂದು ಷರತ್ತು ಅಡಗಿ ಕುಳಿತಿದೆ: ಎಲ್ಲ ಫಲಿತಗಳೂ ಸಮಾನವಾಗಿ ಸಂಭವಿಸುವಂತಿರಬೇಕು. ಪರೀಕ್ಷೆಯಲ್ಲಿ ಸೂತ್ರವನ್ನು ಬರೆದವರು ಬಹಳ ಮಂದಿ. ಷರತ್ತನ್ನು ಬರೆದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಷರತ್ತನ್ನು ಮರೆತರೆ ಏನಾಗುತ್ತದೆ? ಎರಡು ನಾಣ್ಯಗಳನ್ನು ಚಿಮ್ಮಿದಾಗ ಒಂದಾದರೂ ತಲೆ ಬೀಳುವ ಸಂಭವನೀಯತೆ ಎಷ್ಟೆಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಹುಡುಗನೊಬ್ಬ ಎದ್ದು, "ಎರಡು ತಲೆ, ಒಂದು ತಲೆ, ಇಲ್ಲವೇ ಇಲ್ಲ, ಮೂರು ಬಗೆ. ಅದರಲ್ಲಿ ಎರಡು ಅನುಕೂಲ. ಉತ್ತರ 2/3" ಎಂದ. ಉಳಿದವರು ನಕ್ಕರು. ನಗಬೇಡಿ ಎಂದೆ. ಏಕೆಂದರೆ ಫ್ರಾನ್ಸ್ ದೇಶದ ಮಹಾ ಗಣಿತಜ್ಞ ದಾಲಂಬೇರ್ ಹದಿನೆಂಟನೆಯ ಶತಮಾನದಲ್ಲಿ ತನ್ನ ಪ್ರಸಿದ್ಧ ವಿಶ್ವಕೋಶದಲ್ಲಿ ಇಂಥದೇ ಉತ್ತರವನ್ನು ಬರೆದಿದ್ದಾನೆ. ತಪ್ಪು ಎಲ್ಲಿದೆಯೆಂದರೆ, ಆ ಮೂರು ಬಗೆಗಳು ಸಮಾನವಲ್ಲ. ಮೊದಲ ನಾಣ್ಯ ತಲೆ ಎರಡನೆಯದು ತಲೆ; ಮೊದಲನೆಯದು ತಲೆ ಎರಡನೆಯದು ಹೂ; ಮೊದಲನೆಯದು ಹೂ ಎರಡನೆಯದು ತಲೆ; ಎರಡೂ ಹೂ. ಹೀಗೆ ಸಮಾನವಾದ ಫಲಿತಗಳು ನಾಲ್ಕು. "ಒಂದು ತಲೆ" ಎಂಬುದು ಎರಡು ದಾರಿಗಳಿಂದ ಬರುತ್ತದೆ. ಸರಿಯಾದ ಉತ್ತರ 3/4. ಎರಡೂ ತಲೆಯಾಗುವುದು 1/4. ಅದು 1/2ನ್ನು 1/2ರಿಂದ ಗುಣಿಸಿದ್ದು ಎಂಬುದನ್ನು ಗಮನಿಸಿ. ಒಂದರ ಫಲಿತ ಇನ್ನೊಂದರ ಮೇಲೆ ಪ್ರಭಾವ ಬೀರದಿದ್ದರೆ ಎರಡೂ ಒಟ್ಟಿಗೆ ಸಂಭವಿಸುವುದನ್ನು ಹೀಗೆ ಗುಣಾಕಾರದಿಂದ ಪಡೆಯಬಹುದು.

ಈಗ ನಿಮ್ಮ ಮನೆಯ ಕವಡೆಗಳನ್ನು ತೆಗೆಯಿರಿ. ಚೌಕಾಬಾರ ಆಡದ ಮನೆ ನಮ್ಮ ನಾಡಿನಲ್ಲಿ ವಿರಳ. ನಾಲ್ಕು ಕವಡೆಗಳನ್ನು ಕೈಯಲ್ಲಿ ಕುಲುಕಿ ನೆಲದ ಮೇಲೆ ಬಿಡುತ್ತೇವೆ. ಎಷ್ಟು ಕವಡೆಗಳು ಬಾಯಿ ಮೇಲಾಗಿ ಬಿದ್ದುವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಎಂದರೆ ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂದರೆ ಎಂಟು. ಇದು ನಮ್ಮ ಮನೆಯ ಕ್ರಮ. ನಿಮ್ಮಲ್ಲಿ ಬೇರೆ ಇದ್ದೀತು. ಕವಡೆಗೂ ನಾಣ್ಯದಂತೆ ಎರಡೇ ಬದಿಗಳು. ಹಾಗಾದರೆ ಚೌಕ ಬೀಳುವ ಸಂಭವನೀಯತೆ 1/2ನ್ನು ನಾಲ್ಕು ಸಲ ಗುಣಿಸಿದ 1/16, ಬಾರವೂ 1/16, ಎರಡೂ ಸಮಾನವೆಂದು ಹೇಳಬಹುದೆ?

ನನ್ನ ಮೊಮ್ಮಗಳು ಇದನ್ನು ಒಪ್ಪಲಿಲ್ಲ. "ತಾತ, ಬಾರವೇ ಹೆಚ್ಚು ಬೀಳುತ್ತದೆ, ನೀವು ಆಡುವಾಗಂತೂ ಇನ್ನೂ ಹೆಚ್ಚು" ಎಂದಳು. ಕೊನೆಯ ಮಾತಿನಲ್ಲಿದ್ದ ಆರೋಪವನ್ನು ಬದಿಗಿಟ್ಟು, ಇಬ್ಬರೂ ಕುಳಿತು ಒಂದೇ ಕವಡೆಯನ್ನು 200 ಸಲ ಬಿಟ್ಟು ಬರೆದೆವು. ಬಾಯಿ ಮೇಲಾಗಿ ಬಿದ್ದದ್ದು 84 ಸಲ. ಬೋರಲು ಬಿದ್ದದ್ದು 116 ಸಲ. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಎರಡು ಬದಿಗಳಿದ್ದರೂ ಅವು ಸಮಾನವಾಗಬೇಕೆಂಬ ನಿಯಮವಿಲ್ಲ. ನಮ್ಮ ಕವಡೆಗೆ ಬಾಯಿ ಮೇಲಾಗುವ ಸಂಭವನೀಯತೆ 0.42, ಬೋರಲಾಗುವುದು 0.58. ನಾಲ್ಕು ಕವಡೆಗಳೂ ಹೀಗೆಯೇ ಎಂದು ಭಾವಿಸಿದರೆ ಚೌಕ ಬೀಳುವುದು 0.42ರ ನಾಲ್ಕನೆಯ ಘಾತ, ಸುಮಾರು 0.03, ಬಾರ ಬೀಳುವುದು 0.58ರ ನಾಲ್ಕನೆಯ ಘಾತ, ಸುಮಾರು 0.11. ಒಂದು ಕವಡೆಯಲ್ಲಿ ಅಷ್ಟೇನೂ ದೊಡ್ಡದಾಗಿ ಕಾಣದ ಭೇದ ನಾಲ್ಕು ಕವಡೆಗಳಲ್ಲಿ ಮೂರು ಪಟ್ಟಿಗಿಂತ ಹೆಚ್ಚಾಯಿತು. ಮೊಮ್ಮಗಳ ದೂರು ಅರ್ಧ ಸತ್ಯವಾಗಿತ್ತು. ಉಳಿದ ಅರ್ಧವನ್ನು ಆಕೆ ಈಗಲೂ ಬಿಟ್ಟುಕೊಟ್ಟಿಲ್ಲ. ನಿಮ್ಮ ಕವಡೆಗಳ ಸಂಖ್ಯೆ ಬೇರೆಯಾಗಿಯೇ ಇರುತ್ತದೆ. ನನ್ನದನ್ನು ನಕಲು ಮಾಡದೆ ಬಿಟ್ಟು ನೋಡಿ.

ಈ ಶಾಸ್ತ್ರ ಹುಟ್ಟಿದ್ದೂ ಆಟದ ಹಾಸಿನ ಮೇಲೆಯೇ. ಇಟಲಿಯ ಕಾರ್ದಾನೊ ಎಂಬ ವೈದ್ಯ ಹದಿನಾರನೆಯ ಶತಮಾನದಲ್ಲಿ ದಾಳಗಳ ಆಟದ ಬಗ್ಗೆ ಒಂದು ಪುಸ್ತಕ ಬರೆದ. ಅದು ಅಚ್ಚಾದದ್ದು ಅವನು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, 1663ರಲ್ಲಿ. ಅದಕ್ಕೂ ಮೊದಲೇ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು, ಅರ್ಧಕ್ಕೆ ನಿಂತ ಆಟದಲ್ಲಿ ಪಣದ ಹಣವನ್ನು ಆಟಗಾರರಿಗೆ ಹೇಗೆ ಹಂಚಬೇಕೆಂಬ ಪ್ರಶ್ನೆಯನ್ನು ಕುರಿತು ಪತ್ರ ಬರೆದುಕೊಂಡರು. ಸಂಭವನೀಯತೆಯ ಗಣಿತ ಆ ಪತ್ರಗಳಿಂದ ಮೊದಲಾಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ.

ನಮ್ಮ ಮಹಾಭಾರತದ ವನಪರ್ವದಲ್ಲಿಯೂ ಇದರ ಒಂದು ಎಳೆ ಇದೆ. ಜೂಜಿನಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಋತುಪರ್ಣ ರಾಜನ ಸಾರಥಿಯಾಗಿದ್ದ ಕಥೆಯನ್ನು ನೀವು ಬಲ್ಲಿರಿ. ಕನಕದಾಸರ 'ನಳಚರಿತ್ರೆ'ಯಿಂದ ಅದು ಕನ್ನಡಿಗರ ಮನೆಮಾತು. ರಥ ವಿದರ್ಭದ ಕಡೆಗೆ ಓಡುತ್ತಿರುವಾಗ ಋತುಪರ್ಣನು ದಾರಿಯ ಒಂದು ತಾರೆಯ ಮರವನ್ನು ನೋಡಿ ಅದರ ಎಲೆ ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಳನು ನಂಬದೆ ಮರವನ್ನು ಕಡಿದು ಎಣಿಸಿ ನೋಡುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆಗ ರಾಜನು ತನ್ನ 'ಅಕ್ಷಹೃದಯ' ವಿದ್ಯೆಯನ್ನು, ಎಂದರೆ ದಾಳಗಳ ಒಳಗುಟ್ಟನ್ನು, ಅವನಿಗೆ ಕೊಡುತ್ತಾನೆ. ಒಂದೆರಡು ಕೊಂಬೆಗಳನ್ನು ನೋಡಿ ಇಡಿಯ ಮರವನ್ನು ಅಳೆದನೋ ಏನೋ! ಎಣಿಕೆಯ ವಿದ್ಯೆಯೂ ಜೂಜಿನ ವಿದ್ಯೆಯೂ ಒಬ್ಬನಲ್ಲಿಯೇ ಇದ್ದುವೆಂದು ಹೇಳಿದ ಕವಿಯ ದೃಷ್ಟಿ ಸಾಮಾನ್ಯವಾದುದಲ್ಲ. ಪ್ರಾಚೀನರು ದಾಳಗಳಾಗಿ ಬಳಸುತ್ತಿದ್ದುದೂ ಆ ತಾರೆಯ ಕಾಯಿಗಳನ್ನೇ. ಸ್ವಲ್ಪವನ್ನು ಎಣಿಸಿ ಬಹಳವನ್ನು ತಿಳಿಯುವ ವಿದ್ಯೆಯನ್ನು ನಮ್ಮ ಕಾಲದಲ್ಲಿ ಬೆಳೆಸಿದ ಭಾರತೀಯರಲ್ಲಿ ಪಿ. ಸಿ. ಮಹಾಲನೋಬಿಸ್ ಅವರೂ, 1931ರಲ್ಲಿ ಅವರು ಕಲ್ಕತ್ತೆಯಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದ ಸಿ. ಆರ್. ರಾವ್ ಅವರೂ ಪ್ರಮುಖರು. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರಾಗಿ 2023ರವರೆಗೆ ಬಾಳಿದ ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಎಷ್ಟು ಎಣಿಸಿದರೆ ಸಾಕು? ಇದು ಮುಖ್ಯವಾದ ಪ್ರಶ್ನೆ. ತಾಯಿಯ ಗೋಡೆಯ ಮೊದಲ ಸಾಲಿನ ಹತ್ತು ಗೆರೆಗಳಲ್ಲಿ ಒಂದೂ ಅಡ್ಡಗೆರೆ ಇರಲಿಲ್ಲ. ಆರನೆಯ ಸಾಲಿನಲ್ಲಿ ಮೂರು ಇದ್ದುವು. ಮೊದಲ ಸಾಲನ್ನಷ್ಟೇ ನೋಡಿದವನು ಕಾಯಿ ಕೆಡುವುದೇ ಇಲ್ಲ ಎನ್ನುತ್ತಿದ್ದ. ಆರನೆಯದನ್ನಷ್ಟೇ ನೋಡಿದವನು ವ್ಯಾಪಾರಿಯೊಡನೆ ಜಗಳಕ್ಕೆ ಹೋಗುತ್ತಿದ್ದ. ಅವಲೋಕನಗಳು ಹೆಚ್ಚಿದಂತೆಲ್ಲ ಪ್ರಮಾಣವು ನಿಜವಾದ ಸಂಭವನೀಯತೆಯ ಬಳಿಗೆ ಸಾರುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದ. ಇಪ್ಪತ್ತು ವರ್ಷ ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ. ಅವನ ಗ್ರಂಥ ಹೊರಬಂದದ್ದು 1713ರಲ್ಲಿ, ಅವನು ತೀರಿಕೊಂಡ ಎಂಟು ವರ್ಷಗಳ ಅನಂತರ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾನ್ ಕೆರಿಚ್ ಎಂಬ ಗಣಿತಜ್ಞ ಡೆನ್ಮಾರ್ಕಿನಲ್ಲಿ ಸೆರೆಯಾಳಾಗಿದ್ದ. ಸೆರೆಯಲ್ಲಿ ಬೇಸರ ಕಳೆಯಲು ಅವನು ಒಂದು ನಾಣ್ಯವನ್ನು 10,000 ಸಲ ಚಿಮ್ಮಿ ಪ್ರತಿಯೊಂದನ್ನೂ ಬರೆದಿಟ್ಟ. ಮೊದಲ 100 ಸಲದಲ್ಲಿ ತಲೆ ಬಿದ್ದದ್ದು 44; 1,000 ಆಗುವ ವೇಳೆಗೆ 502; 10,000 ಮುಗಿದಾಗ 5,067. ಈ ಸಂಖ್ಯೆಗಳನ್ನು ಎರಡು ಬಗೆಯಾಗಿ ನೋಡಬೇಕು. ಪ್ರಮಾಣದ ದೃಷ್ಟಿಯಿಂದ 0.44, 0.502, 0.5067, ಮೊದಲ ನೂರಕ್ಕಿಂತ ಕೊನೆಯವು ಅರ್ಧಕ್ಕೆ ಬಹಳ ಸಮೀಪ. ಆದರೆ ಎಣಿಕೆಯಲ್ಲಿ ಅರ್ಧಕ್ಕಿಂತ ಇರುವ ವ್ಯತ್ಯಾಸ 6, 2, ಕೊನೆಗೆ 67! ವ್ಯತ್ಯಾಸ ಬೆಳೆದಿದೆ. ಮೊದಲು ಕಡಿಮೆ ಬಿದ್ದ ತಲೆಗಳನ್ನು ನಾಣ್ಯವು ನೆನಪಿಟ್ಟುಕೊಂಡು ಆಮೇಲೆ ತುಂಬಿಕೊಡಲಿಲ್ಲ. ಬಹುವಾದ ಹೊಸ ಎಣಿಕೆಗಳಲ್ಲಿ ಹಳೆಯ ಕೊರತೆ ಮುಳುಗಿಹೋಯಿತು, ಅಷ್ಟೆ. ನಾಣ್ಯಕ್ಕೆ ನೆನಪಿಲ್ಲ. ಇದನ್ನು ಒಂದು ಸಲ ಓದಿ ಮುಂದೆ ಹೋಗಬೇಡಿ. ಎರಡು ಸಲ ಓದಿ. ವಿದ್ಯಾವಂತರೂ ಇಲ್ಲಿಯೇ ಎಡವುತ್ತಾರೆ.

ನಮ್ಮ ಓಣಿಯ ಒಂದು ಮನೆಯಲ್ಲಿ ಮೂವರು ಹೆಣ್ಣುಮಕ್ಕಳಾದುವು. ಮೂರನೆಯ ಹೆರಿಗೆಯಲ್ಲಿ ತಾಯಿ ಬಹಳ ಬಳಲಿದ್ದಳು. ರಕ್ತ ಕಡಿಮೆಯಿದೆ, ಇನ್ನು ಬಸಿರಾಗುವುದು ಅಪಾಯವೆಂದು ಡಾಕ್ಟರು ಹೇಳಿದ್ದರು. ಆದರೆ ಮನೆಯ ಹಿರಿಯರದು ಬೇರೆಯ ಲೆಕ್ಕ. "ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡಾಗಲೇಬೇಕು. ದೇವರು ಎಷ್ಟು ಸಲ ಹೆಣ್ಣನ್ನೇ ಕೊಟ್ಟಾನು?" ಎಂದು ಅತ್ತೆ ಹಟ ಹಿಡಿದರು. ನಾನು ಆಗ ಹೊಸದಾಗಿ ಉಪಾಧ್ಯಾಯನಾಗಿದ್ದೆ. ಓದಿದ್ದೆಲ್ಲವನ್ನೂ ಊರಿಗೆ ಹೇಳುವ ಹುಮ್ಮಸ್ಸು. ಆಕೆಯ ಗಂಡನಿಗೆ ಕಾಗದದ ಮೇಲೆ ಬರೆದು ತೋರಿಸಿದೆ.

ಹುಟ್ಟುವ ಮಗು ಗಂಡಾಗುವುದೂ ಹೆಣ್ಣಾಗುವುದೂ ಹೆಚ್ಚುಕಡಿಮೆ ಸಮ. ಕಟ್ಟುನಿಟ್ಟಾಗಿ ಹೇಳುವುದಾದರೆ ಸಮವಲ್ಲ. ದೊಡ್ಡ ಜನಸಮುದಾಯಗಳಲ್ಲಿ ಸಹಜವಾಗಿ 100 ಹೆಣ್ಣುಶಿಶುಗಳಿಗೆ ಸುಮಾರು 105 ಗಂಡುಶಿಶುಗಳು ಹುಟ್ಟುತ್ತವೆ. ಲಂಡನ್ ನಗರದ ಜ್ಞಾನಸ್ನಾನದ ದಾಖಲೆಗಳನ್ನು ಪರಿಶೀಲಿಸಿದ ಜಾನ್ ಆರ್ಬತ್‌ನಾಟ್ ಎಂಬ ವೈದ್ಯ, 1629ರಿಂದ ಮೊದಲುಗೊಂಡು 82 ವರ್ಷಗಳಲ್ಲಿ ಒಂದು ವರ್ಷವೂ ಬಿಡದೆ ಗಂಡುಮಕ್ಕಳ ಸಂಖ್ಯೆಯೇ ಹೆಚ್ಚಾಗಿದ್ದುದನ್ನು ಕಂಡ. ಮನೆಯ ಲೆಕ್ಕಕ್ಕೆ 1/2 ಎಂದಿಟ್ಟುಕೊಂಡರೆ ಸಾಕು. ಮದುವೆಯಾದ ದಿನ, "ಈ ದಂಪತಿಗಳಿಗೆ ಮೊದಲ ನಾಲ್ಕು ಮಕ್ಕಳೂ ಹೆಣ್ಣಾಗುವ ಸಂಭವನೀಯತೆ ಎಷ್ಟು?" ಎಂದು ಕೇಳಿದರೆ ಉತ್ತರ 1/16. ಅತ್ತೆಯ ಮನಸ್ಸಿನಲ್ಲಿದ್ದುದು ಈ ಹದಿನಾರರಲ್ಲೊಂದು. ಆದರೆ ಅಂದಿನ ಪ್ರಶ್ನೆ ಅದಲ್ಲ. ಮೂವರು ಹೆಣ್ಣುಮಕ್ಕಳು ಆಗಲೇ ಹುಟ್ಟಿ ಅಂಗಳದಲ್ಲಿ ಆಡುತ್ತಿದ್ದಾರೆ. ಆ ಮೂರು ಘಟನೆಗಳು ಸಂಭವನೀಯವಲ್ಲ, ಸಂಭವಿಸಿದವು. ಉಳಿದ ಪ್ರಶ್ನೆ ನಾಲ್ಕನೆಯ ಮಗುವಿನದು ಮಾತ್ರ. ಅದು ತನ್ನ ಅಕ್ಕಂದಿರನ್ನು ಎಣಿಸಿಕೊಂಡು ಬರುವುದಿಲ್ಲ. ಅದು ಗಂಡಾಗುವ ಸಂಭವನೀಯತೆ ಮೊದಲಿನಂತೆಯೇ 1/2. ಆದರೆ ತಾಯಿಯ ಜೀವಕ್ಕಿರುವ ಅಪಾಯ ಮೊದಲಿನಂತೆಯೇ ಇಲ್ಲ, ಹೆಚ್ಚಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಏನೂ ಬದಲಾಗಿಲ್ಲ, ಇನ್ನೊಂದರಲ್ಲಿ ಬದಲಾಗಿದೆ. ಗಂಡ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದ.

ಈ ಕಥೆ ಹೇಳಿದಾಗಲೆಲ್ಲ ವಿದ್ಯಾರ್ಥಿಗಳು, "ಆಮೇಲೆ ಏನಾಯಿತು ಸಾರ್? ನಾಲ್ಕನೆಯದು ಹುಟ್ಟಿತೆ? ಯಾವ ಮಗು?" ಎಂದು ಕೇಳುತ್ತಾರೆ. ನಾನು ಹೇಳುವುದಿಲ್ಲ. ಗಂಡೆಂದು ಹೇಳಿದರೆ ಅತ್ತೆ ಗೆದ್ದರೆಂದೂ, ಹೆಣ್ಣೆಂದು ಹೇಳಿದರೆ ನಾನು ಗೆದ್ದೆನೆಂದೂ ನೀವು ಭಾವಿಸುತ್ತೀರಿ. ಒಂದು ಫಲಿತದಿಂದ ಯಾರ ಲೆಕ್ಕವೂ ಗೆಲ್ಲುವುದಿಲ್ಲ, ಸೋಲುವುದಿಲ್ಲ.

ಕೆಲವು ಘಟನೆಗಳು ಹೀಗೆ ಒಂದನ್ನೊಂದು ಅವಲಂಬಿಸದೆ ಇರುತ್ತವೆ, ಕೆಲವು ಅವಲಂಬಿಸುತ್ತವೆ. ಇದಕ್ಕೆ ನನ್ನ ಹೆಂಡತಿಯ ಕ್ಯಾಲೆಂಡರೇ ಉದಾಹರಣೆ. ದೋಸೆಯ ಹಿಟ್ಟು ರುಬ್ಬುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆಂದು ಆಕೆಯ ದೂರು. ಒಂದು ಜೂನ್ ತಿಂಗಳಿನಲ್ಲಿ ಸಂಜೆ ಮಳೆಯಾದ ದಿನಕ್ಕೆ ಸುತ್ತು, ಕರೆಂಟು ಹೋದ ದಿನಕ್ಕೆ ಗುಣಾಕಾರದ ಗುರುತು ಹಾಕಿದಳು. 30 ದಿನಗಳಲ್ಲಿ ಕರೆಂಟು ಹೋದದ್ದು 12 ದಿನ, ಸಂಭವನೀಯತೆ 0.4. ಆದರೆ ಮಳೆ ಬಂದ 18 ದಿನಗಳನ್ನು ಬೇರೆ ಮಾಡಿದರೆ ಅವುಗಳಲ್ಲಿ 10 ದಿನ ಹೋಗಿತ್ತು, ಸುಮಾರು 0.56, ಮಳೆಯಿಲ್ಲದ 12 ದಿನಗಳಲ್ಲಿ ಹೋದದ್ದು 2 ದಿನ, ಸುಮಾರು 0.17. ಆಕಾಶ ನೋಡದೆ ಹೇಳುವ ಉತ್ತರ ಒಂದು, ನೋಡಿ ಹೇಳುವ ಉತ್ತರ ಇನ್ನೊಂದು. ಮೋಡ ಕವಿದರೆ ಆಕೆ ಈಗ ಮಧ್ಯಾಹ್ನವೇ ರುಬ್ಬಿಬಿಡುತ್ತಾಳೆ.

ಇನ್ನು ಅಕ್ಕನ ಮಾತು. 1973ರ ಆ ಕಾರ್ತಿಕದಲ್ಲಿ ಗಂಡಿನ ಕಡೆಯವರು ನಿಶ್ಚಯ ಮಾಡಿಕೊಳ್ಳಲು ಬಂದಿದ್ದರು. ಜಗಲಿಯ ಮೇಲೆ ತಾಂಬೂಲದ ತಟ್ಟೆಗಳು. ಮೊದಲು ಗಣಪತಿಗೆ, ಮನೆದೇವರಿಗೆ, ಗ್ರಾಮದೇವತೆಗೆ, ಎರಡೂ ಕಡೆಯ ಹಿರಿಯರ ಹೆಸರಿನಲ್ಲಿ, ಹೀಗೆ ಐದು ಕಾಯಿ ಒಡೆಸಿದರು. ಮೂರು ಚೆನ್ನಾಗಿದ್ದುವು. ನಾಲ್ಕನೆಯದು ಒಡೆದಾಗ ವಾಸನೆ ಬಂದಿತು. ಹೋಳುಗಳ ಒಳಗೆ ಕಪ್ಪಾಗಿತ್ತು. ಐದನೆಯದು ಚೆನ್ನಾಗಿಯೇ ಇತ್ತು, ಆದರೆ ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಸುಮ್ಮನಾದರು. ಹುಡುಗನ ದೊಡ್ಡಪ್ಪನವರು ಶಲ್ಯವನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳತೊಡಗಿದರು. ನಮ್ಮ ತಂದೆಯವರ ಮುಖ ಬಿಳಿಚಿತು. ಅಕ್ಕ ಒಳಗೆ ತಲೆ ತಗ್ಗಿಸಿ ಕುಳಿತಿದ್ದಳು. ಆಕೆಗೆ ಇಪ್ಪತ್ತು ವರ್ಷ.

ಪರಪುರುಷರ ಮುಂದೆ ಎಂದೂ ಬಾಯಿ ತೆರೆಯದ ನಮ್ಮ ತಾಯಿ ಅಂದು ಬಾಗಿಲಿಗೆ ಬಂದು, "ಯಜಮಾನರೆ, ಏಳುವ ಮೊದಲು ಒಮ್ಮೆ ಒಳಗೆ ಬಂದು ಈ ಗೋಡೆ ನೋಡಿ" ಎಂದಳು. ಅವರು ಬಂದರು. ತಾಯಿ ಬಾಗಿಲು ಮುಚ್ಚಿ ಗೆರೆಗಳನ್ನು ತೋರಿಸಿದಳು. "ಇದು ನಾನು ಒಡೆದ ಕಾಯಿಗಳ ಲೆಕ್ಕ. ಚುಕ್ಕೆಯಿರುವುದು ದೇವರದು, ಇಲ್ಲದ್ದು ಸಾರಿನದು. ಹನ್ನೆರಡು ಹದಿಮೂರಕ್ಕೊಂದು ಕೆಡುತ್ತಲೇ ಬಂದಿದೆ. ನೀವು ಐದು ಒಡೆಸಿದಿರಿ, ಒಂದು ಕೆಟ್ಟಿತು. ಅದರಲ್ಲಿ ನನ್ನ ಮಗಳ ಪಾಲೇನು?"

ನನ್ನನ್ನು ಕರೆದು ಎಣಿಸು ಎಂದರು. ನಾನು ಎಣಿಸಿದೆ. ದೇವರಿಗೆ ಒಡೆದವು 40. ಅವುಗಳಲ್ಲಿ ಕೆಟ್ಟವು 3. ಅಡುಗೆಗೆ ಒಡೆದವು 110, ಕೆಟ್ಟವು 9. ಮೊದಲನೆಯದು 0.075, ಎರಡನೆಯದು ಸುಮಾರು 0.082. ಕಾಯಿಗೆ ತಾನು ಯಾರ ಮುಂದೆ ಒಡೆಯುತ್ತಿದ್ದೇನೆಂಬುದು ತಿಳಿದಿರಲಿಲ್ಲವೆಂಬುದು ಸ್ಪಷ್ಟವಾಗಿತ್ತು.

ಅಂದು ನನಗೆ ಗೊತ್ತಿಲ್ಲದಿದ್ದ ಇನ್ನೊಂದು ಲೆಕ್ಕವನ್ನು ಕಾಲೇಜಿಗೆ ಹೋದ ಮೇಲೆ ಮಾಡಿದೆ. ಐದು ಕಾಯಿಗಳಲ್ಲಿ ಒಂದಾದರೂ ಕೆಟ್ಟಿರುವ ಸಂಭವನೀಯತೆ ಎಷ್ಟು? ನೇರವಾಗಿ ಹೋದರೆ ಒಂದು ಕೆಟ್ಟದ್ದು, ಎರಡು ಕೆಟ್ಟದ್ದು ಎಂದು ಹಲವು ದಾರಿಗಳು. ಹಿಂದಿನಿಂದ ಬನ್ನಿ: ಐದೂ ಚೆನ್ನಾಗಿರುವುದು 0.92ರ ಐದನೆಯ ಘಾತ. 0.92ನ್ನು 0.92ರಿಂದ ಗುಣಿಸಿದರೆ 0.8464, ಅದರ ವರ್ಗ ಸುಮಾರು 0.716, ಅದನ್ನು ಮತ್ತೊಮ್ಮೆ 0.92ರಿಂದ ಗುಣಿಸಿದರೆ ಸುಮಾರು 0.66. ಒಂದರಿಂದ ಕಳೆದರೆ 0.34. ಎಂದರೆ, ಐದು ಕಾಯಿಗಳಲ್ಲಿ ಒಂದು ಕೆಟ್ಟರೂ ಸಂಬಂಧ ಬೇಡವೆನ್ನುವ ಊರಿನಲ್ಲಿ ನೂರಕ್ಕೆ ಮೂವತ್ತನಾಲ್ಕು ನಿಶ್ಚಯಗಳು, ಹುಡುಗ ಹುಡುಗಿ ಎಷ್ಟೇ ಒಳ್ಳೆಯವರಾಗಿರಲಿ, ಜಗಲಿಯ ಮೇಲೆಯೇ ಮುರಿಯುತ್ತವೆ. ಐದರ ಬದಲು ಒಂಬತ್ತು ಕಾಯಿ ಒಡೆಸುವ ಮನೆತನದಲ್ಲಿ ಅರ್ಧಕ್ಕಿಂತ ಹೆಚ್ಚು. ಬೇಕಾದರೆ ಗುಣಿಸಿ ನೋಡಿ. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಒಂದು ಕಾಯಿ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲವೆಂದು ಭಾವಿಸಿಯೇ ಈ ಗುಣಾಕಾರ ಮಾಡಿದ್ದೇನೆ. ಐದೂ ಒಂದೇ ರಾಶಿಯಲ್ಲಿ, ಒಂದೇ ಮಳೆಯಲ್ಲಿ ನೆನೆದವಾಗಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಹುಡುಗನ ದೊಡ್ಡಪ್ಪನವರು ಧಾನ್ಯದ ಮಂಡಿಯವರು. ಗೋಡೆಯ ಸಾಲುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. ಆಮೇಲೆ, "ನಾವೂ ಮೂಟೆಗೆ ಇಷ್ಟು ಕಸವೆಂದು ಬಿಟ್ಟೇ ಬೆಲೆ ಕಟ್ಟುವುದು, ತಾಯಿ" ಎಂದು ಹೇಳಿ ಜಗಲಿಗೆ ಹಿಂದಿರುಗಿ ತಾಂಬೂಲ ತೆಗೆದುಕೊಂಡರು. ಮಾಘದಲ್ಲಿ ಮದುವೆಯಾಯಿತು.

ಮದುವೆಗೆಂದು ಮನೆಗೆಲ್ಲ ಸುಣ್ಣ ಬಳಿದರು. ಬಾಗಿಲ ಹಿಂದಿನ ಗೋಡೆಯೂ ಬೆಳ್ಳಗಾಯಿತು. ಬೀಗರನ್ನು ಕಳುಹಿಸಿಕೊಟ್ಟ ಮರುದಿನ ಬೆಳಿಗ್ಗೆ ತಾಯಿ ಸಾರಿಗೆ ಕಾಯಿ ಒಡೆದು, ಇದ್ದಿಲು ತೆಗೆದುಕೊಂಡು, ಹೊಸ ಸುಣ್ಣದ ಮೇಲೆ ಮೊದಲನೆಯ ಗೆರೆ ಎಳೆದಳು. ಹೊಸ ಗೆರೆಗಳು ಹತ್ತು ಸಾಲಾಗುವವರೆಗೂ ಹಬ್ಬದ ಇಪ್ಪತ್ತೈದು ಕಾಯಿಗೆ ಹಳೆಯ ಲೆಕ್ಕದಂತೆಯೇ ಮೂರು ಹೆಚ್ಚಿಗೆ ತರಿಸುತ್ತಿದ್ದಳು.